ಮನೆಯೊಳಗೊಂದು ಪುಟ್ಟ ಟೆಲಿಫೋನ್ ಎಕ್ಸ್‌ಚೇಂಜ್: ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರೊಂದು (ಮುಂದೆ ಬರೀ ‘ಪೈ’) ಆಸ್ಟರಿಸ್ಕ್ ಎಂಬ ತಂತ್ರಾಂಶದ ನೆರವಿನಿಂದ ಕೆಲವು ವರ್ಷಗಳಿಂದ ಟೆಲಿಫೋನ್ ಎಕ್ಸ್‌ಚೇಂಜ್‌ನ ಕೆಲಸ ಮಾಡುತ್ತಿದೆ. ಜಗಲಿ, ಅಡುಗೆಮನೆ, ಅಪ್ಪಯ್ಯನ ಕೋಣೆ, ಕೊಟ್ಟಿಗೆ, ತೋಟದ ಪಂಪ್‌ಹೌಸ್ ಹೀಗೆ ಐದು ಕಡೆ ಫೋನ್ ಇದೆ. ಆರನೆಯದು ಬೆಂಗಳೂರಿನ ನನ್ನ ಮೇಜಿನ ಮೇಲಿದೆ. ಇದನ್ನು ಕಂಡವರು, ಕೇಳಿ ತಿಳಿದವರು ಮಾತಿನಲ್ಲೂ ಪತ್ರದಲ್ಲೂ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಮೊದಲ ಭಾಗಗಳಿಗೆ ತಾಂತ್ರಿಕ ತಿಳಿವಳಿಕೆ ಬೇಕಿಲ್ಲ. ಕೊನೆಯ ಮೂರು ಭಾಗಗಳು ಕೈಯಾರೆ ಕಟ್ಟುತ್ತಿರುವವರಿಗೆ.

## ಶುರು ಮಾಡುವ ಮುನ್ನ

ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ, ಮನೆಗೆ ಬೇರೆ ಫೋನ್ ಏಕೆ?

ಮೊಬೈಲ್ ಒಬ್ಬ ವ್ಯಕ್ತಿಯದು. ಮನೆಯ ಫೋನ್ ಒಂದು ಜಾಗದ್ದು. ಕೊಟ್ಟಿಗೆಗೆ ಫೋನ್ ಮಾಡಿದರೆ ಅಲ್ಲಿ ಯಾರಿದ್ದರೂ ಎತ್ತುತ್ತಾರೆ. ಅಪ್ಪಯ್ಯನ ಮೊಬೈಲ್ ಜಗಲಿಯಲ್ಲಿ ಚಾರ್ಜ್ ಆಗುತ್ತಿರುತ್ತದೆ, ಅವರು ಅಡಿಕೆ ಚಪ್ಪರದ ಕೆಳಗಿರುತ್ತಾರೆ. ನಮ್ಮ ಕಡೆ ಗುಡ್ಡದ ಮರೆಯ ಮನೆಗಳಿಗೆ ಮೊಬೈಲ್ ಸಿಗ್ನಲ್ ಬರುವುದೇ ಕಷ್ಟ. ಆದರೆ ಫೈಬರ್ ಇಂಟರ್ನೆಟ್ ಎಷ್ಟೋ ಮನೆಗಳಿಗೆ ಬಂದಿದೆ. ಇನ್ನೂ ಮುಖ್ಯವಾದ ಕಾರಣವೆಂದರೆ ವಯಸ್ಸಾದವರ ಕೈ. ಒಣಗಿದ ಬೆರಳಿಗೆ ಗಾಜಿನ ಪರದೆ ಸ್ಪಂದಿಸುವುದಿಲ್ಲ. ರಿಸೀವರ್ ಎತ್ತಿ ಒಂದು ಗುಂಡಿ ಒತ್ತುವುದು ಎಂಬತ್ತು ದಾಟಿದವರಿಗೂ ಸಲೀಸು. ನಾನು ಈ ಕೆಲಸಕ್ಕೆ ಕೈ ಹಾಕಿದ್ದು ಅಮ್ಮನಿಗಾಗಿ.

ಆಸ್ಟರಿಸ್ಕ್ ಎನ್ನುತ್ತೀರಲ್ಲ, ಅದು ಏನು?

ಕಂಪ್ಯೂಟರನ್ನು ಟೆಲಿಫೋನ್ ಎಕ್ಸ್‌ಚೇಂಜ್ ಆಗಿ ಬದಲಿಸುವ ತಂತ್ರಾಂಶ. ಯಾವ ಫೋನ್ ಎಲ್ಲಿದೆ, ಯಾವ ನಂಬರ್ ಒತ್ತಿದರೆ ಯಾವುದು ಬಾರಿಸಬೇಕು, ಯಾರೂ ಎತ್ತದಿದ್ದರೆ ಏನು ಮಾಡಬೇಕು ಎಂಬುದನ್ನೆಲ್ಲ ಅದು ನೋಡಿಕೊಳ್ಳುತ್ತದೆ. ಅಮೆರಿಕದ ಮಾರ್ಕ್ ಸ್ಪೆನ್ಸರ್ 1999ರಲ್ಲಿ ಇದನ್ನು ಬರೆಯಲು ಆರಂಭಿಸಿದರು. ಅವರು ಕಟ್ಟಿದ ಡಿಜಿಯಂ ಕಂಪನಿಯನ್ನು 2018ರಲ್ಲಿ ಸಂಗೋಮಾ ಕೊಂಡುಕೊಂಡಿತು. ತಂತ್ರಾಂಶ ಮುಕ್ತವಾಗಿಯೇ ಉಳಿದಿದೆ, ಹಣ ಕೊಡಬೇಕಿಲ್ಲ.

ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ 128 ಲೈನ್‌ಗಳ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್ ಮೊದಲು ಕೆಲಸ ಆರಂಭಿಸಿದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಹವಾನಿಯಂತ್ರಣವಿಲ್ಲದ ಕೋಣೆಯಲ್ಲೂ, ನಮ್ಮ ಸೆಖೆ ಮತ್ತು ಧೂಳಿನಲ್ಲೂ ನಡೆಯಬೇಕೆಂದು ಅದನ್ನು ಕಟ್ಟಿದ್ದರು. ಆ ಎಕ್ಸ್‌ಚೇಂಜ್ ಮಾಡುತ್ತಿದ್ದ ಮೂಲ ಕೆಲಸವನ್ನೇ ಈಗ ಅಂಗೈಯಗಲದ ಹಲಗೆಯೊಂದು ಮಾಡುತ್ತಿದೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಇಂಟರ್ನೆಟ್ ಹೋದರೆ ಎಲ್ಲ ಫೋನ್‌ಗಳೂ ನಿಂತುಹೋಗುತ್ತವೆಯೇ?

ಇಲ್ಲ. ‘ಇಂಟರ್ನೆಟ್ ಫೋನ್’ ಎಂಬ ಹೆಸರು ಇಲ್ಲಿ ದಾರಿ ತಪ್ಪಿಸುತ್ತದೆ. ಅಡುಗೆಮನೆಯಿಂದ ಕೊಟ್ಟಿಗೆಗೆ ಹೋಗುವ ಕರೆ ಮನೆಯ ರೌಟರ್ ದಾಟುವುದೇ ಇಲ್ಲ. ರೌಟರ್‌ಗೂ ಪೈಗೂ ಕರೆಂಟ್ ಇದ್ದರೆ ಸಾಕು. ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ತುಂಡಾಗಿ ವಾರಗಟ್ಟಲೆ ಇಂಟರ್ನೆಟ್ ಇಲ್ಲದಾಗಲೂ ನಮ್ಮ ಒಳಗಿನ ಫೋನ್‌ಗಳು ನಡೆದಿವೆ. ಬೆಂಗಳೂರಿನ ಫೋನ್ ಮಾತ್ರ ಸುಮ್ಮನಿತ್ತು.

ದಿನವಿಡೀ ಚಾಲೂ ಇಟ್ಟರೆ ಕರೆಂಟ್ ಬಿಲ್ ಏರುವುದಿಲ್ಲವೇ?

ಪೈ 4 ಇಂಥ ಹಗುರ ಕೆಲಸಕ್ಕೆ ಮೂರರಿಂದ ಐದು ವಾಟ್ ತೆಗೆದುಕೊಳ್ಳುತ್ತದೆ. ಐದು ವಾಟ್ ಎಂದೇ ಇಟ್ಟುಕೊಂಡರೂ ತಿಂಗಳಿಗೆ 3.6 ಯೂನಿಟ್.

ನನಗೆ ಲಿನಕ್ಸ್ ಬಾರದು. ಪ್ರಯತ್ನಿಸಬಹುದೇ?

ಪೈ ನಡೆಯುವುದು ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯ ಮೇಲೆ. ಅದರಲ್ಲಿ ಕಡತ ತೆರೆದು ತಿದ್ದುವುದು, ಉಳಿಸುವುದು, ಸೇವೆಯನ್ನು ಮರುಚಾಲನೆ ಮಾಡುವುದು ಈ ಮೂರನ್ನು ಕಲಿತರೆ ಎರಡು ಫೋನ್‌ಗಳ ವ್ಯವಸ್ಥೆ ಕಟ್ಟಬಹುದು. ಜಾಲಪುಟದ ಮೂಲಕವೇ ಎಲ್ಲವನ್ನೂ ಹೊಂದಿಸುವ ಫ್ರೀಪಿಬಿಎಕ್ಸ್ ಎಂಬ ಮುಖವಾಡವೂ ಇದೆ. ಆದರೆ ಐದಾರು ಫೋನ್‌ಗಳ ಮನೆಗೆ ಅದು ಭಾರ. ಅದರ ಹೊಸ 17ನೆಯ ಆವೃತ್ತಿಯ ಅಧಿಕೃತ ಅನುಸ್ಥಾಪನೆ ಇಂಟೆಲ್ ಬಗೆಯ ಯಂತ್ರಗಳಿಗಾಗಿ ಇರುವುದರಿಂದ ಪೈ ಮೇಲೆ ಕೂರಿಸುವುದು ತೊಡಕಿನ ಕೆಲಸ. ಕೈಯಲ್ಲೇ ಬರೆಯಿರಿ. ಐವತ್ತು ಅರವತ್ತು ಸಾಲಿನಲ್ಲಿ ಮುಗಿಯುತ್ತದೆ, ಪ್ರತಿ ಸಾಲೂ ಏಕಿದೆ ಎಂದು ನಿಮಗೆ ತಿಳಿದಿರುತ್ತದೆ.

## ಸಾಮಾನುಗಳ ಬಗ್ಗೆ

ಯಾವ ಪೈ ಕೊಳ್ಳಬೇಕು? ಹೊಸದೇ ಬೇಕೇ?

ಬೇಡ. 2016ರ ಪೈ 3 ಕೂಡ ಮನೆಯ ಕರೆಗಳಿಗೆ ಧಾರಾಳ. ಮೂಲೆಯಲ್ಲಿ ಬಿದ್ದಿರುವ ಹಳೆಯ ಪೈ ಇದ್ದರೆ ಮೊದಲು ಅದರಲ್ಲೇ ಮಾಡಿ ನೋಡಿ. ವೈಫೈ ಬದಲು ತಂತಿಯಲ್ಲೇ ರೌಟರ್‌ಗೆ ಜೋಡಿಸಿ. ಪವರ್ ಅಡಾಪ್ಟರ್ ಮಾತ್ರ ಅದರದ್ದೇ ಇರಲಿ. ಮೊಬೈಲ್ ಚಾರ್ಜರ್ ಹಾಕಿದಾಗ ವೋಲ್ಟೇಜ್ ಕುಸಿದು ಕರೆಯ ನಡುವೆಯೇ ಯಂತ್ರ ಮರುಚಾಲನೆಯಾಗುವ ತೊಂದರೆಯನ್ನು ನಾಲ್ಕಾರು ಮನೆಗಳಲ್ಲಿ ನೋಡಿದ್ದೇನೆ.

ಐಪಿ ಫೋನ್, ಅಡಾಪ್ಟರ್, ಮೊಬೈಲ್ ಆ್ಯಪ್ ಇವುಗಳಲ್ಲಿ ಯಾವುದು ಒಳ್ಳೆಯದು?

ಹಿರಿಯರಿರುವ ಕೋಣೆಗೆ ಅಡಾಪ್ಟರ್ ಮತ್ತು ಸಾಮಾನ್ಯ ಫೋನ್. ನಿಮ್ಮ ಮೇಜಿಗೆ ಐಪಿ ಫೋನ್, ಅಂದರೆ ನೇರವಾಗಿ ನೆಟ್‌ವರ್ಕ್ ತಂತಿಗೇ ಸೇರುವ ಫೋನ್. ಮೊಬೈಲ್ ಆ್ಯಪ್ ಕೊನೆಯ ಆಯ್ಕೆ.

ಅಡಾಪ್ಟರ್ ಎಂದರೆ ಒಂದು ಕಡೆ ನೆಟ್‌ವರ್ಕ್ ತಂತಿ, ಇನ್ನೊಂದು ಕಡೆ ಮಾಮೂಲಿ ಫೋನಿನ ತಂತಿ ಇರುವ ಪುಟ್ಟ ಪೆಟ್ಟಿಗೆ. ಗ್ರ್ಯಾಂಡ್‌ಸ್ಟ್ರೀಮ್ ಎಚ್‌ಟಿ801 ಒಂದು ಫೋನಿಗೆ, ಎಚ್‌ಟಿ802 ಎರಡಕ್ಕೆ. ರಿಸೀವರ್ ಎತ್ತಿದೊಡನೆ ತಾನಾಗಿಯೇ ಒಂದು ನಂಬರಿಗೆ ಕರೆ ಹೋಗುವಂತೆ ಇದರಲ್ಲಿ ಹೊಂದಿಸಬಹುದು. ಅಮ್ಮನ ಹಾಸಿಗೆಯ ಪಕ್ಕದ ಫೋನ್ ಹಾಗಿದೆ. ಎತ್ತಿ ಕೆಲವು ಕ್ಷಣ ಏನೂ ಒತ್ತದಿದ್ದರೆ ಮನೆಯ ಎಲ್ಲ ಫೋನ್‌ಗಳೂ ಬಾರಿಸುತ್ತವೆ. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಉಪಯುಕ್ತವಾದದ್ದು ಯಾವುದು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಇದನ್ನೇ.

ಐಪಿ ಫೋನ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ, ಕಚೇರಿಗಳಿಂದ ಬಂದ ಹಳೆಯವು ಸಿಗುತ್ತವೆ. ಕೊಳ್ಳುವ ಮುನ್ನ ಕಾರ್ಖಾನೆ ಸ್ಥಿತಿಗೆ ಮರಳಿಸಲು ಆಗುತ್ತದೆಯೇ, ಹಳೆಯ ಕಚೇರಿಯ ಪಾಸ್‌ವರ್ಡ್ ಅದರಲ್ಲಿ ಉಳಿದಿದೆಯೇ ಎಂದು ನೋಡಿ. ಇಂಥ ಫೋನ್‌ಗಳು ಕರೆ ಕೂಡಿಸಲು ಆಡುವ ಸಾಮಾನ್ಯ ಭಾಷೆ ಸಿಪ್. ಕೆಲವು ಹಳೆಯ ಸಿಸ್ಕೋ ಫೋನ್‌ಗಳಲ್ಲಿ ಅದರ ಬದಲು ಆ ಕಂಪನಿಯದೇ ಭಾಷೆಯ ತಂತ್ರಾಂಶ ಇರುತ್ತದೆ, ಆಗ ಕೆಲಸ ದುಪ್ಪಟ್ಟು.

ಲಿನ್‌ಫೋನ್, ಜೋಯ್ಪರ್ ಮುಂತಾದ ಆ್ಯಪ್‌ಗಳು ಪರೀಕ್ಷೆಗೆ ಚೆನ್ನ. ಆದರೆ ಬ್ಯಾಟರಿ ಉಳಿಸಲು ಆಂಡ್ರಾಯ್ಡ್ ಅವುಗಳನ್ನು ಮಲಗಿಸಿಬಿಡುತ್ತದೆ, ಕರೆ ಬಂದದ್ದೇ ತಿಳಿಯುವುದಿಲ್ಲ. ಆಂಡ್ರಾಯ್ಡ್‌ನಲ್ಲೇ ಅಡಕವಾಗಿದ್ದ ಸಿಪ್ ಸೌಲಭ್ಯವನ್ನು 12ನೆಯ ಆವೃತ್ತಿಯಲ್ಲಿ ತೆಗೆದುಹಾಕಲಾಗಿದೆ.

ಅಜ್ಜನ ಕಾಲದ, ಡಯಲ್ ತಿರುಗಿಸುವ ಕಪ್ಪು ಫೋನ್ ಅಟ್ಟದ ಮೇಲಿದೆ. ಅದನ್ನು ಬಳಸಬಹುದೇ?

ಬಳಸಬಹುದು, ಬಳಸಲೇಬೇಕು ಎನ್ನುತ್ತೇನೆ. ಬೆಂಗಳೂರಿನ ದೂರವಾಣಿನಗರದ ಐಟಿಐ ಕಾರ್ಖಾನೆ ಮಾಡಿದ ಫೋನ್‌ಗಳು ಇಂದಿಗೂ ಗಟ್ಟಿಯಾಗಿವೆ. ಡಯಲ್ ಹಿಂದಿರುಗುವಾಗ ಲೈನ್ ಕ್ಷಣಕಾಲ ಕತ್ತರಿಸಿ ಕೂಡುತ್ತದೆ: 3 ತಿರುಗಿಸಿದರೆ ಮೂರು ಸಲ, 0 ತಿರುಗಿಸಿದರೆ ಹತ್ತು ಸಲ. ಈ ಪಲ್ಸ್ ಎಣಿಸಬಲ್ಲ ಅಡಾಪ್ಟರನ್ನೇ ಆರಿಸಿ, ಎಲ್ಲದರಲ್ಲೂ ಆ ಸೌಲಭ್ಯ ಇರುವುದಿಲ್ಲ. ಒಳಗಿನ ನಿಜವಾದ ಗಂಟೆ ಬಾರಿಸಲು ಹೆಚ್ಚು ಶಕ್ತಿ ಬೇಕು. ಒಂದು ಪೋರ್ಟಿಗೆ ಅಂಥ ಒಂದೇ ಫೋನ್ ಹಾಕಿ. ನಕ್ಷತ್ರ ಮತ್ತು ಹ್ಯಾಷ್ ಗುಂಡಿಗಳು ಅದರಲ್ಲಿ ಇಲ್ಲದ ಕಾರಣ ಎಲ್ಲ ಸೌಲಭ್ಯಗಳಿಗೂ ಅಂಕಿಗಳನ್ನೇ ಕೊಡಬೇಕು.

ಕೊಟ್ಟಿಗೆ ಮನೆಯಿಂದ 150 ಮೀಟರ್ ದೂರ ಇದೆ. ತಂತಿ ಎಳೆಯಬಹುದೇ?

ನೆಟ್‌ವರ್ಕ್ ತಂತಿಯ ಮಿತಿ 100 ಮೀಟರ್. ಆದರೆ ಮಲೆನಾಡಿನಲ್ಲಿ ದೂರಕ್ಕಿಂತ ದೊಡ್ಡ ಸಮಸ್ಯೆ ಸಿಡಿಲು. ಎರಡು ಕಟ್ಟಡಗಳ ನಡುವೆ ಎಳೆದ ತಾಮ್ರದ ತಂತಿ ಸಿಡಿಲಿನ ಆಘಾತವನ್ನು ಒಳಗೆ ಕರೆತರುತ್ತದೆ. ಮೊದಲ ವರ್ಷ ನಾನು ಪಂಪ್‌ಹೌಸ್‌ಗೆ ತಂತಿಯನ್ನೇ ಎಳೆದಿದ್ದೆ. ಮುಂಗಾರಿಗೆ ಮುಂಚಿನ ಒಂದು ಸಂಜೆ ಅಡಾಪ್ಟರ್, ನೆಟ್‌ವರ್ಕ್ ಸ್ವಿಚ್, ರೌಟರ್‌ನ ಒಂದು ಪೋರ್ಟ್ ಒಟ್ಟಿಗೆ ಸುಟ್ಟವು. ಆಮೇಲೆ ಎರಡೂ ತುದಿಗೆ ತಂತಿಯ ಸಂಕೇತವನ್ನು ಬೆಳಕಾಗಿ ಬದಲಿಸುವ ಮೀಡಿಯಾ ಕನ್ವರ್ಟರ್ ಇಟ್ಟು ನಡುವೆ ಫೈಬರ್ ಎಳೆದೆವು. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಲೋಹದ ಎಳೆ ಇಲ್ಲದ ಕೇಬಲ್ ಕೇಳಿ ತೆಗೆದುಕೊಳ್ಳಿ. ಎದುರು ಬದುರು ನೇರ ಕಾಣುವ ಜಾಗವಾದರೆ ಹೊರಾಂಗಣ ವೈಫೈ ಜೋಡಿಯೂ ಆಗುತ್ತದೆ. ಅಡಿಕೆ ಮರಗಳು ಅಡ್ಡ ಬಂದರೆ ಅದನ್ನು ನಂಬಬೇಡಿ.

ಕರೆಂಟ್ ಹೋಗಿ ಬಂದಾಗಲೆಲ್ಲ ಎಸ್‌ಡಿ ಕಾರ್ಡ್ ಹಾಳಾಗುತ್ತಿದೆ. ಏನು ಮಾಡಲಿ?

ಪೈಯ ತಂತ್ರಾಂಶವೆಲ್ಲ ಇರುವುದು ಈ ಕಾರ್ಡಿನಲ್ಲಿ. ಪೈ ಅದರ ಮೇಲೆ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಕಾರ್ಡ್ ಕೆಡುತ್ತದೆ. ಹಾಗಾಗಿ ಬರೆಯುವುದನ್ನು ಕಡಿಮೆ ಮಾಡಿ, ಕರೆಂಟ್ ಹೋಗದಂತೆ ನೋಡಿಕೊಳ್ಳಿ. ಆಸ್ಟರಿಸ್ಕ್‌ನ ವಿವರವಾದ ದಾಖಲೆಗಳನ್ನು ನಿಲ್ಲಿಸಿ, ಉಳಿದವು ಕಾರ್ಡಿನ ಬದಲು ಪೈಯ ತಾತ್ಕಾಲಿಕ ನೆನಪಿಗೆ (ರ್ಯಾಮ್) ಹೋಗಲಿ. ಪೈ 4ನ್ನು ಯುಎಸ್‌ಬಿ ಎಸ್‌ಎಸ್‌ಡಿಯಿಂದಲೇ ಚಾಲೂ ಮಾಡಬಹುದು, ಅದು ಹೆಚ್ಚು ಭದ್ರ. ರೌಟರ್‌ಗಳಿಗೆಂದು ಮಾರುವ ಸಣ್ಣ ಯುಪಿಎಸ್ ಕೊಳ್ಳುವಾಗ ಎಚ್ಚರ: ಹೆಚ್ಚಿನವು 12 ವೋಲ್ಟ್‌ನವು, ಪೈಗೆ ಬೇಕಾದದ್ದು 5 ವೋಲ್ಟ್, 3 ಆಂಪಿಯರ್. ಮನೆಯಲ್ಲಿ ಇನ್ವರ್ಟರ್ ಇದ್ದರೆ ಪೈ, ರೌಟರ್, ಅಡಾಪ್ಟರ್ ಎಲ್ಲವನ್ನೂ ಅದೇ ಸಾಲಿಗೆ ಹಾಕಿಬಿಡಿ. ಎಲ್ಲ ಸರಿಹೋದ ದಿನವೇ ಕಾರ್ಡಿನ ಪೂರ್ತಿ ನಕಲು ಮಾಡಿ ಇನ್ನೊಂದು ಕಾರ್ಡಿನಲ್ಲಿ ಇಡಿ.

## ಕಟ್ಟುವಾಗ

ಪೈ ಮೇಲೆ ಆಸ್ಟರಿಸ್ಕ್ ಹಾಕಲು ಹೋದರೆ ಅಂಥ ಪ್ಯಾಕೇಜೇ ಇಲ್ಲ ಎನ್ನುತ್ತಿದೆ. ಎಲ್ಲಿ ತಪ್ಪಿದೆ?

ನಿಮ್ಮಲ್ಲಿ ತಪ್ಪಿಲ್ಲ. ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್‌ನ 11ನೆಯ ಆವೃತ್ತಿಯವರೆಗೆ ಆಸ್ಟರಿಸ್ಕ್ ಸಿದ್ಧ ಪ್ಯಾಕೇಜ್ ಆಗಿ ಸಿಗುತ್ತಿತ್ತು. 12ನೆಯ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟರು, ಅದರ ಮೇಲೆಯೇ ನಿಂತಿರುವ ಪೈ ವ್ಯವಸ್ಥೆಯಲ್ಲೂ ಹೋಯಿತು. ಮೂಲ ಸಂಕೇತ ಇಳಿಸಿಕೊಂಡು ನೀವೇ ಕಂಪೈಲ್ ಮಾಡಬೇಕು, ಅಂದರೆ ಯಂತ್ರ ಓಡಿಸಬಲ್ಲ ರೂಪಕ್ಕೆ ತರಬೇಕು. ಆಸ್ಟರಿಸ್ಕ್‌ನ ದೀರ್ಘಾವಧಿ ಬೆಂಬಲದ 20 ಅಥವಾ 22ನೆಯ ಆವೃತ್ತಿ ತೆಗೆದುಕೊಳ್ಳಿ. ಬೇಕಾದ ಪೂರಕ ಪ್ಯಾಕೇಜ್‌ಗಳನ್ನು ತಾನೇ ತರುವ ಸ್ಕ್ರಿಪ್ಟ್ ಅದರ ಜೊತೆಗೇ ಇರುತ್ತದೆ, ಮೊದಲು ಅದನ್ನು ಓಡಿಸಿ. ಕಂಪೈಲ್ ಆಗಲು ಪೈ 4ರಲ್ಲಿ ಅರ್ಧದಿಂದ ಒಂದು ಗಂಟೆ ಬೇಕಾಗಬಹುದು. ಮುಗಿಯುವವರೆಗೆ ಅದನ್ನು ಅದರ ಪಾಡಿಗೆ ಬಿಡಿ.

ಹಳೆಯ ಪಾಠ ನೋಡಿಕೊಂಡು ಸಿಪ್ ಕಾನ್ಫ್ ಕಡತ ಬರೆದೆ. ಫೋನ್ ನೋಂದಣಿಯೇ ಆಗುತ್ತಿಲ್ಲ.

ಆ ಕಡತವನ್ನು ಓದುತ್ತಿದ್ದ ಚಾನ್-ಸಿಪ್ ಎಂಬ ಭಾಗವನ್ನು 21ನೆಯ ಆವೃತ್ತಿಯಿಂದ ಕಿತ್ತುಹಾಕಿದ್ದಾರೆ. ಈಗ ಪಿಜೆ-ಸಿಪ್ ಮಾತ್ರ ಇದೆ. ಅದರಲ್ಲಿ ಒಂದು ಫೋನಿಗೆ ಮೂರು ತುಣುಕು ಬರೆಯಬೇಕು: ಫೋನಿನ ನಡವಳಿಕೆ ಹೇಳುವ ಎಂಡ್‌ಪಾಯಿಂಟ್, ಪಾಸ್‌ವರ್ಡ್ ಇರುವ ಆಥ್, ಫೋನ್ ಸದ್ಯ ಯಾವ ವಿಳಾಸದಲ್ಲಿದೆ ಎಂದು ನೆನಪಿಡುವ ಎಒಆರ್. ಎಲ್ಲಕ್ಕೂ ಮೇಲೆ, ಯಾವ ಪೋರ್ಟಿನಲ್ಲಿ, ಅಂದರೆ ನೆಟ್‌ವರ್ಕ್‌ನ ಯಾವ ಅಂಕಿಯ ಬಾಗಿಲಿನಲ್ಲಿ, ಕಿವಿಗೊಡಬೇಕು ಎಂದು ಹೇಳುವ ಟ್ರಾನ್ಸ್‌ಪೋರ್ಟ್ ಒಂದು. ಹೆಚ್ಚಿನವರು ಎಡವುವುದು ಎಒಆರ್‌ನಲ್ಲಿ: ಗರಿಷ್ಠ ಸಂಪರ್ಕಗಳ ಸಂಖ್ಯೆಯನ್ನು ಒಂದು ಎಂದು ಕೊಡದಿದ್ದರೆ ನೋಂದಣಿಗೆ ಜಾಗವೇ ಇರುವುದಿಲ್ಲ. ಎಒಆರ್‌ನ ಹೆಸರು ಫೋನ್ ಕಳಿಸುವ ಬಳಕೆದಾರ ಹೆಸರಿಗೆ ಅಕ್ಷರಶಃ ಹೊಂದಬೇಕು.

ಎಕ್ಸ್‌ಟೆನ್ಷನ್ ನಂಬರ್‌ಗಳನ್ನು 100ರಿಂದ ಶುರು ಮಾಡಲೇ?

ದಯವಿಟ್ಟು ಬೇಡ. 100, 101, 108, 112 ಇವೆಲ್ಲ ನಮ್ಮ ದೇಶದಲ್ಲಿ ಜೀವ ಉಳಿಸುವ ನಂಬರ್‌ಗಳು. ಗಾಬರಿಯಲ್ಲಿ 108 ಒತ್ತಿದವರಿಗೆ ಕೊಟ್ಟಿಗೆ ಎತ್ತಿಕೊಳ್ಳಬಾರದು. 200ರ ಸಾಲು ಒಳ್ಳೆಯದು. ನಮ್ಮಲ್ಲಿ 201 ಜಗಲಿ, 202 ಅಡುಗೆಮನೆ, ಹೀಗೆ. ಹಿರಿಯರಿಗಾಗಿ ಒಂದಂಕಿಯ ಅಡ್ಡದಾರಿಯೂ ಇದೆ: 5 ಒತ್ತಿದರೆ ಬೆಂಗಳೂರು. 9 ಒತ್ತಿದರೆ ಎಲ್ಲ ಕಡೆಯೂ ಬಾರಿಸುತ್ತದೆ, ಮೊದಲು ಎತ್ತಿದವರಿಗೆ ಕರೆ. ಊಟಕ್ಕೆ ಕರೆಯಲು ಅಮ್ಮ ಬಳಸುವುದು ಈ ಒಂಬತ್ತನ್ನೇ.

ಫೋನ್ ಎತ್ತಿದರೆ ಸದ್ದು ಬೇರೆ ಥರ ಇದೆ, ಕೆಟ್ಟಿದೆ ಎಂದು ಅಪ್ಪ ಇಟ್ಟುಬಿಡುತ್ತಾರೆ.

ಅಡಾಪ್ಟರ್ ಅಮೆರಿಕದ ಡಯಲ್ ಟೋನ್ ಕೊಡುತ್ತಿದೆ. ಅದು 350 ಮತ್ತು 440 ಹರ್ಟ್ಸ್ ಸೇರಿದ ಸದ್ದು. ನಾವು ಬಿಎಸ್‌ಎನ್‌ಎಲ್ ಲ್ಯಾಂಡ್‌ಲೈನ್‌ನಲ್ಲಿ ಕೇಳಿ ಬೆಳೆದದ್ದು 400 ಹರ್ಟ್ಸ್ ಸದ್ದು 25 ಹರ್ಟ್ಸ್‌ನಲ್ಲಿ ನಡುಗುವಂಥದ್ದು. ನಮ್ಮ ಎಂಗೇಜ್ ಟೋನ್ 400 ಹರ್ಟ್ಸ್‌ನದೇ, ಮುಕ್ಕಾಲು ಸೆಕೆಂಡು ಸದ್ದು, ಮುಕ್ಕಾಲು ಸೆಕೆಂಡು ಮೌನ. ಅಡಾಪ್ಟರ್‌ನ ಟೋನ್ ಪುಟದಲ್ಲಿ ಈ ಅಂಕಿಗಳನ್ನು ಬದಲಿಸಿ. ಆಸ್ಟರಿಸ್ಕ್‌ನ ಇಂಡಿಕೇಷನ್ಸ್ ಕಡತದಲ್ಲಿ ಭಾರತದ ಟೋನ್‌ಗಳು ಮೊದಲೇ ಇವೆ, ದೇಶವನ್ನು ಬದಲಿಸಿದರೆ ಸಾಕು. ಇದನ್ನು ಸಣ್ಣ ವಿಷಯವೆಂದು ಬಿಡಬೇಡಿ. ಕಿವಿಗೆ ಪರಿಚಯದ ಸದ್ದು ಕೇಳಿದ ದಿನದಿಂದ ನಮ್ಮ ಮನೆಯಲ್ಲಿ ಯಾರಿಗೂ ಇದನ್ನು ಬಳಸಲು ಕಲಿಸಬೇಕಾಗಲಿಲ್ಲ.

‘ಯಾರೂ ಎತ್ತುತ್ತಿಲ್ಲ, ಸಂದೇಶ ಬಿಡಿ’ ಎಂದು ಕನ್ನಡದಲ್ಲಿ ಹೇಳಿಸಬಹುದೇ?

ಆಸ್ಟರಿಸ್ಕ್ ಜೊತೆ ಬರುವ ಧ್ವನಿಗಳಲ್ಲಿ ಕನ್ನಡವಿಲ್ಲ. ಆದರೆ ದಾರಿ ಸುಲಭ: ಮನೆಯವರ ದನಿಯಲ್ಲೇ ಧ್ವನಿಮುದ್ರಿಸಿ. ಮೊಬೈಲ್‌ನಲ್ಲಿ ಮುದ್ರಿಸಿ, 8 ಕಿಲೋಹರ್ಟ್ಸ್, ಒಂದೇ ಚಾನೆಲ್, 16 ಬಿಟ್‌ನ ವೇವ್ ಕಡತವಾಗಿ ಬದಲಿಸಿ, ಧ್ವನಿಗಳ ಕೋಶದಲ್ಲಿ ಕನ್ನಡಕ್ಕೆ ಪ್ರತ್ಯೇಕ ಉಪಕೋಶ ಮಾಡಿ ಹಾಕಿ.

ಅಂಕಿಗಳಲ್ಲಿ ಮಾತ್ರ ತೊಡಕಿದೆ. ಆಸ್ಟರಿಸ್ಕ್ ‘ಇಪ್ಪತ್ತು’, ‘ಒಂದು’ ಎಂಬ ತುಣುಕುಗಳನ್ನು ಪಕ್ಕಪಕ್ಕ ಇಟ್ಟು 21 ಹೇಳಲು ನೋಡುತ್ತದೆ. ಇಂಗ್ಲಿಷ್‌ಗೆ ಅದು ಸರಿ. ಕನ್ನಡದಲ್ಲಿ ಇಪ್ಪತ್ತೊಂದು, ಮೂವತ್ತೈದು, ನೂರೆಂಟು ಎಂದು ಪದಗಳು ಬೆಸೆದುಕೊಳ್ಳುತ್ತವೆ. ಬಿಡಿಬಿಡಿಯಾಗಿ ಕೇಳಿದರೆ ಕಿವಿಗೆ ಕಲ್ಲು ತಾಗಿದಂತಾಗುತ್ತದೆ. ಒಂದರಿಂದ ನೂರರವರೆಗೆ ಪ್ರತಿ ಅಂಕಿಯನ್ನೂ ಪೂರ್ತಿ ಪದವಾಗಿ ಮುದ್ರಿಸಿಕೊಂಡರೆ ಮನೆಯ ಬಳಕೆಗೆ ಸಾಕು. ನಮ್ಮಲ್ಲಿ ಅಕ್ಕ ಒಂದು ಮಧ್ಯಾಹ್ನ ಕೂತು ಓದಿದಳು. ಅವಳು ಮದುವೆಯಾಗಿ ಹೋದ ಮೇಲೂ ಮನೆಯ ಫೋನಿನಲ್ಲಿ ಅವಳ ದನಿಯಿದೆ.

ವಾಯ್ಸ್‌ಮೇಲ್‌ನಲ್ಲಿ ದಿನ, ಹೊತ್ತು ತಪ್ಪು ಬರುತ್ತಿದೆ.

ಪೈ 4ರವರೆಗಿನ ಹಲಗೆಗಳಲ್ಲಿ ಬ್ಯಾಟರಿಯ ಗಡಿಯಾರ ಇಲ್ಲ. ಕರೆಂಟ್ ಬಂದ ಮೇಲೆ ಇಂಟರ್ನೆಟ್‌ನಿಂದ ಸಮಯ ತಿಳಿಯುವವರೆಗೂ ಅದು ಹಿಂದಿನ ಹೊತ್ತಿನಲ್ಲೇ ಇರುತ್ತದೆ. ಪುಟ್ಟ ಗಡಿಯಾರದ ಬಿಲ್ಲೆ ಜೋಡಿಸಿ. ಪೈ 5ರಲ್ಲಿ ಗಡಿಯಾರ ಒಳಗೇ ಇದೆ, ಬ್ಯಾಟರಿ ಮಾತ್ರ ಕೊಳ್ಳಬೇಕು.

## ಮನೆಯಾಚೆಗೆ

ರೌಟರ್‌ನಲ್ಲಿ ಪೋರ್ಟ್ ತೆರೆದರೂ ಹೊರಗಿನಿಂದ ಫೋನ್ ಸೇರುತ್ತಿಲ್ಲ. ಏಕೆ?

ನಿಮ್ಮ ರೌಟರ್‌ಗೆ ಸಿಕ್ಕ ವಿಳಾಸ ನೋಡಿ. ಅದು 100.64ರಿಂದ 100.127ರೊಳಗೆ ಶುರುವಾದರೆ ನೀವು ಕಂಪನಿಯ ಹಂಚಿಕೆಯ ವಿಳಾಸದ ಹಿಂದೆ ಇದ್ದೀರಿ. ಎಷ್ಟೋ ಮನೆಗಳು ಒಂದೇ ಸಾರ್ವಜನಿಕ ವಿಳಾಸ ಬಳಸುತ್ತಿವೆ, ನೀವು ಪೋರ್ಟ್ ತೆರೆದರೂ ಹೊರಬಾಗಿಲು ಬೇರೆಯವರ ಕೈಯಲ್ಲಿದೆ.

ನಿಜ ಹೇಳಬೇಕೆಂದರೆ ಪೋರ್ಟ್ ತೆರೆಯುವ ಆಲೋಚನೆಯನ್ನೇ ಬಿಡಿ. 5060ನೆಯ ಪೋರ್ಟ್ ಇಂಟರ್ನೆಟ್‌ಗೆ ತೆರೆದ ಕೆಲವೇ ಗಂಟೆಗಳಲ್ಲಿ ಪಾಸ್‌ವರ್ಡ್ ಊಹಿಸುವ ಯಂತ್ರಗಳು ಬಾಗಿಲು ಬಡಿಯುತ್ತವೆ. ಒಳನುಗ್ಗಿದವರು ನಿಮ್ಮ ಖರ್ಚಿನಲ್ಲಿ ದುಬಾರಿ ವಿದೇಶಿ ನಂಬರ್‌ಗಳಿಗೆ ಕರೆ ಮಾಡುತ್ತಾರೆ. ತಪ್ಪು ಪಾಸ್‌ವರ್ಡ್ ಕೊಡುವವರನ್ನು ತಡೆಯುವ ಫೇಲ್‌ಟುಬ್ಯಾನ್‌ನಂಥ ಕಾವಲು ಇಟ್ಟರೂ ಅದು ಎರಡನೆಯ ಬೇಲಿ ಮಾತ್ರ. ಮೊದಲ ಬೇಲಿ ವಿಪಿಎನ್, ಅಂದರೆ ಇಂಟರ್ನೆಟ್ ಒಳಗೇ ನಿಮ್ಮ ಯಂತ್ರಗಳಿಗಷ್ಟೇ ಇರುವ ಗುಪ್ತ ದಾರಿ. ಅದಕ್ಕೆ ಎರಡು ತಂತ್ರಾಂಶಗಳಿವೆ. ವೈರ್‌ಗಾರ್ಡ್ ಆದರೆ ಸಾರ್ವಜನಿಕ ವಿಳಾಸವಿರುವ ಒಂದು ಸಣ್ಣ ಬಾಡಿಗೆ ಸರ್ವರ್ ಬೇಕು. ಟೇಲ್‌ಸ್ಕೇಲ್ ಆದರೆ ಅದೂ ಬೇಡ. ಎರಡರಲ್ಲೂ ಪೈ ತಾನೇ ಹೊರಗೆ ಸಂಪರ್ಕ ಮಾಡುವುದರಿಂದ ಹಂಚಿಕೆಯ ವಿಳಾಸದ ತೊಂದರೆ ತಾನಾಗಿ ಕಳೆಯುತ್ತದೆ.

ಕರೆ ಸೇರುತ್ತದೆ, ಆದರೆ ಒಬ್ಬರ ಮಾತು ಮಾತ್ರ ಕೇಳಿಸುತ್ತದೆ.

ಈ ವಿದ್ಯೆ ಕಲಿಯುವ ಎಲ್ಲರೂ ದಾಟುವ ಕಾಲುಸಂಕ ಇದು. ಕರೆ ಕೂಡಿಸುವ ಸಿಪ್ ಸಂದೇಶಗಳು ಒಂದು ದಾರಿಯಲ್ಲಿ ಹೋಗುತ್ತವೆ, ದನಿ ಹೊರುವ ಆರ್‌ಟಿಪಿ ಇನ್ನೊಂದು ದಾರಿಯಲ್ಲಿ. ‘ನಿಮ್ಮ ದನಿಯನ್ನು ಈ ವಿಳಾಸಕ್ಕೆ ಕಳಿಸಿ’ ಎಂದು ಫೋನ್ ತನ್ನ ಮನೆಯೊಳಗಿನ ವಿಳಾಸ ಕೊಟ್ಟರೆ ಆಚೆಯವರ ಮಾತು ಎಲ್ಲಿಗೂ ತಲುಪುವುದಿಲ್ಲ.

ಹುಡುಕುವ ಕ್ರಮ ಹೀಗಿರಲಿ. ಮೊದಲು ರೌಟರ್‌ನಲ್ಲಿ ಸಿಪ್ ಎಎಲ್‌ಜಿ ಎಂಬುದನ್ನು ಆಫ್ ಮಾಡಿ. ಸಹಾಯಕ್ಕೆಂದು ಇಟ್ಟ ಆ ಸೌಲಭ್ಯ ವಿಳಾಸಗಳನ್ನು ತಪ್ಪಾಗಿ ತಿದ್ದುವುದೇ ಹೆಚ್ಚು. ಆಮೇಲೆ ಎಂಡ್‌ಪಾಯಿಂಟ್‌ನಲ್ಲಿ ಡೈರೆಕ್ಟ್ ಮೀಡಿಯಾ ಬೇಡವೆಂದೂ, ಆರ್‌ಟಿಪಿ ಸಿಮೆಟ್ರಿಕ್ ಮತ್ತು ರೀರೈಟ್ ಕಾಂಟ್ಯಾಕ್ಟ್ ಬೇಕೆಂದೂ ಹೇಳಿ. ಆಗ ದನಿ ಪೈ ಮೂಲಕವೇ ಹಾದು, ಬಂದ ದಾರಿಗೇ ಮರಳುತ್ತದೆ. ಮೂರನೆಯದಾಗಿ ಫೈರ್‌ವಾಲ್ ನೋಡಿ. ದನಿಗಾಗಿ ಆಸ್ಟರಿಸ್ಕ್ ಸಾಮಾನ್ಯವಾಗಿ 10000ದಿಂದ 20000ದವರೆಗಿನ ಯುಡಿಪಿ ಪೋರ್ಟ್‌ಗಳನ್ನು ಬಳಸುತ್ತದೆ. ಮನೆಗೆ ನೂರು ಪೋರ್ಟ್ ಸಾಕು, ಅಷ್ಟಕ್ಕೆ ಇಳಿಸಿಕೊಳ್ಳಿ.

ಮಗಳು ಅಮೆರಿಕದಲ್ಲಿದ್ದಾಳೆ. ಅವಳ ಮನೆಯಲ್ಲೂ ನಮ್ಮ ಎಕ್ಸ್‌ಟೆನ್ಷನ್ ಇಡಬಹುದೇ?

ಇಡಬಹುದು. ಅದೇ ವಿಪಿಎನ್ ಒಳಗೆ ಅವಳ ಫೋನ್ ಸೇರಿದರೆ ಅವಳು 207 ಆಗುತ್ತಾಳೆ. ಕ್ಯಾಲಿಫೋರ್ನಿಯಾಗೆ ದನಿ ಹೋಗಿ ಬರಲು ಸುಮಾರು ಕಾಲು ಸೆಕೆಂಡು ಹಿಡಿಯುತ್ತದೆ. ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗಿದ್ದರೆ ಸಂಭಾಷಣೆ ಸಹಜವಾಗಿರುತ್ತದೆ ಎನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ನಾವು ಆ ಗಡಿಯ ಆಸುಪಾಸಿನಲ್ಲೇ ಇರುತ್ತೇವೆ. ಬಾಡಿಗೆ ಸರ್ವರ್ ಮುಂಬಯಿ ಅಥವಾ ಬೆಂಗಳೂರಿನಲ್ಲಿರಲಿ, ಯುರೋಪಿನಲ್ಲಿ ಬೇಡ. ಸಂಯುಕ್ತ ಅರಬ್ ಎಮಿರೇಟ್ಸ್‌ನಂಥ ಕಡೆ ಇಂಟರ್ನೆಟ್ ಕರೆಗಳ ಮೇಲೆ ನಿರ್ಬಂಧಗಳಿವೆ, ಅಲ್ಲಿರುವವರು ಆ ನಿಯಮಗಳನ್ನು ಮೊದಲು ತಿಳಿದುಕೊಳ್ಳಬೇಕು.

ಹಾಗಾದರೆ ಅವಳು ಅಲ್ಲಿಂದ ನಮ್ಮ ಲ್ಯಾಂಡ್‌ಲೈನ್ ಮೂಲಕ ಊರಿನ ಎಲ್ಲರಿಗೂ ಕರೆ ಮಾಡಬಹುದಲ್ಲ?

ಮಾಡಬಾರದು. ಇದು ಈ ಪುಟದ ಅತಿ ಮುಖ್ಯವಾದ ಉತ್ತರ. ಇಂಟರ್ನೆಟ್ ಮೂಲಕ ವಿದೇಶದಿಂದ ಬಂದ ಕರೆಯನ್ನು ಪರವಾನಗಿ ಇಲ್ಲದೆ ಇಲ್ಲಿನ ಸಾರ್ವಜನಿಕ ಫೋನ್ ಜಾಲಕ್ಕೆ ಇಳಿಸುವುದು ಭಾರತದಲ್ಲಿ ಅಪರಾಧ, ಹಣ ಪಡೆಯದಿದ್ದರೂ. 2021ರಲ್ಲಿ ಬೆಂಗಳೂರು ಪೊಲೀಸರು ಸೇನೆಯ ಗುಪ್ತಚರ ವಿಭಾಗದ ಜೊತೆ ಸೇರಿ ಸಿಮ್ ಪೆಟ್ಟಿಗೆಗಳ (ಹಲವು ಸಿಮ್ ಹಾಕಿ ಇಂಟರ್ನೆಟ್ ಕರೆಯನ್ನು ಸ್ಥಳೀಯ ಕರೆಯಾಗಿ ಬದಲಿಸುವ ಯಂತ್ರಗಳು) ಅಕ್ರಮ ಎಕ್ಸ್‌ಚೇಂಜನ್ನು ಹಿಡಿದದ್ದು ಇಂಥ ಕೆಲಸಕ್ಕೇ. ಅದು ದೊಡ್ಡ ವ್ಯವಹಾರ, ನಿಮ್ಮದು ಮಗಳ ಮೇಲಿನ ಅಕ್ಕರೆ. ಆದರೂ ಕರೆ ಹಾಯುವ ದಾರಿ ಒಂದೇ. ನಿಮ್ಮ ನಿಮ್ಮ ಫೋನ್‌ಗಳ ನಡುವೆ, ಸಾರ್ವಜನಿಕ ಜಾಲವನ್ನು ಮುಟ್ಟದೆ, ಇಂಟರ್ನೆಟ್‌ನಲ್ಲೇ ಮಾತನಾಡುವುದು ಬೇರೆ. ಆ ಗೆರೆಯನ್ನು ದಾಟಬೇಡಿ.

ಮನೆಯೊಳಗಿನವರ ಮಟ್ಟಿಗಾದರೂ ಲ್ಯಾಂಡ್‌ಲೈನ್ ಸೇರಿಸಬಹುದೇ?

ಒಳಗಿನ ಫೋನ್‌ಗಳು ಅಲ್ಲಿಯದೇ ಲ್ಯಾಂಡ್‌ಲೈನ್ ಬಳಸುವುದು ಕಚೇರಿಗಳ ಒಳಗಿನ ಎಕ್ಸ್‌ಚೇಂಜ್ ಆದ ಇಪಿಎಬಿಎಕ್ಸ್ ಮಾಡುವ ಕೆಲಸವೇ. ಇದಕ್ಕೆ ಲೈನನ್ನು ಒಳತೆಗೆದುಕೊಳ್ಳುವ ಎಫ್‌ಎಕ್ಸ್‌ಒ ಪೋರ್ಟ್ ಇರುವ ಪೆಟ್ಟಿಗೆ ಬೇಕು, ಗ್ರ್ಯಾಂಡ್‌ಸ್ಟ್ರೀಮ್ ಎಚ್‌ಟಿ813ರಂಥದ್ದು. ಫೈಬರ್ ಪೆಟ್ಟಿಗೆಯ ಹಿಂದಿನ ಫೋನ್ ಪೋರ್ಟ್‌ನಿಂದ ಇದಕ್ಕೆ ತಂತಿ. ಆಸ್ಟರಿಸ್ಕ್‌ನಲ್ಲಿ ಮನೆಯ ಫೋನ್‌ಗಳಿಗೂ ದೂರದ ಫೋನ್‌ಗಳಿಗೂ ಬೇರೆ ಬೇರೆ ಕಾಂಟೆಕ್ಸ್ಟ್ (ಆ ಫೋನ್ ಯಾವ ಯಾವ ನಂಬರಿಗೆ ಹೋಗಬಹುದು ಎಂಬ ಪಟ್ಟಿ) ಕೊಡಿ. ದೂರದವುಗಳ ಕಾಂಟೆಕ್ಸ್ಟ್‌ನಲ್ಲಿ ಲ್ಯಾಂಡ್‌ಲೈನ್‌ಗೆ ಹೋಗುವ ಸಾಲೇ ಇರಬಾರದು. ಬಂದ ಕರೆಯನ್ನು ಅವುಗಳ ಕಡೆ ತಿರುಗಿಸುವ ಸಾಲೂ ಬೇಡ.

ಆಚೆಯವರು ಫೋನ್ ಇಟ್ಟರೂ ಲೈನ್ ಬಿಡದೆ ಹಿಡಿದುಕೊಂಡಿರುವುದು ಇಲ್ಲಿ ಸಾಮಾನ್ಯ ತೊಂದರೆ. ಪೆಟ್ಟಿಗೆಗೆ ನಮ್ಮ ಎಂಗೇಜ್ ಟೋನ್ ಗುರುತು ಸಿಗದಿರುವುದೇ ಕಾರಣ. ಮೇಲೆ ಹೇಳಿದ 400 ಹರ್ಟ್ಸ್, 750 ಮಿಲಿಸೆಕೆಂಡ್‌ಗಳ ಲೆಕ್ಕವನ್ನು ಎಫ್‌ಎಕ್ಸ್‌ಒ ಪುಟದಲ್ಲೂ ತುಂಬಿ.

ತುರ್ತು ಸಮಯದಲ್ಲಿ ಇದನ್ನು ನಂಬಬಹುದೇ?

112 ಅಥವಾ 108ಕ್ಕೆ ಇದೊಂದನ್ನೇ ನಂಬಬೇಡಿ. ಲ್ಯಾಂಡ್‌ಲೈನ್ ಇದ್ದರೆ ಈ ನಂಬರ್‌ಗಳು ನೇರ ಅಲ್ಲಿಗೆ ಹೋಗುವಂತೆ ಬರೆಯಿರಿ. ಇಲ್ಲದಿದ್ದರೆ ಮೌನವಾಗಿ ಸೋಲುವ ಬದಲು ‘ಮೊಬೈಲ್‌ನಿಂದ ಕರೆ ಮಾಡಿ’ ಎಂಬ ಮುದ್ರಿತ ದನಿ ಕೇಳಿಸಲಿ, ಜೊತೆಗೆ ಮನೆಯ ಎಲ್ಲ ಫೋನ್‌ಗಳೂ ಬಾರಿಸಲಿ. ಹೊರನಾಡಿನಲ್ಲಿ ಸಿಪ್ ಸೇವೆ ಕೊಂಡು ಮನೆ ಎಕ್ಸ್‌ಚೇಂಜ್ ಕಟ್ಟಿರುವ ಕನ್ನಡಿಗರು ಅಮೆರಿಕದಲ್ಲಾದರೆ ಅಲ್ಲಿನ ತುರ್ತು ನಂಬರ್ 911ಕ್ಕಾಗಿ ಮನೆಯ ವಿಳಾಸವನ್ನು ಸೇವಾದಾರರಲ್ಲಿ ನೋಂದಾಯಿಸಿ, ಮನೆ ಬದಲಿಸಿದ ದಿನವೇ ತಿದ್ದಿ.

## ಇನ್ನಷ್ಟು ಆಳಕ್ಕೆ

ಯಾವ ಕೋಡೆಕ್ ಬಳಸಬೇಕು? ಡೇಟಾ ಎಷ್ಟು ಖರ್ಚು?

ಕೋಡೆಕ್ ಎಂದರೆ ದನಿಯನ್ನು ಅಂಕಿಗಳಾಗಿ ಬದಲಿಸುವ ಕ್ರಮ. ಮನೆಯೊಳಗೆ ಜಿ.711ರ ಎ-ಲಾ ಬಗೆ. ಭಾರತ ಮತ್ತು ಯುರೋಪಿನ ಫೋನ್ ಜಾಲಗಳದ್ದು ಅದೇ. ಮ್ಯೂ-ಲಾ ಉತ್ತರ ಅಮೆರಿಕ, ಜಪಾನ್‌ಗಳದ್ದು. ಸೆಕೆಂಡಿಗೆ 50 ಪೊಟ್ಟಣ, ಪ್ರತಿಯೊಂದರಲ್ಲೂ 160 ಬೈಟ್ ದನಿ, 40 ಬೈಟ್ ವಿಳಾಸದ ಹೊರೆ. ಲೆಕ್ಕ ಹಾಕಿದರೆ ಒಂದು ದಿಕ್ಕಿಗೆ 80 ಕಿಲೋಬಿಟ್. ಒಂದು ಗಂಟೆಯ ಮಾತಿಗೆ ಎರಡೂ ದಿಕ್ಕು ಸೇರಿ 72 ಮೆಗಾಬೈಟ್. ಎರಡೂ ಕಡೆ ಐಪಿ ಫೋನ್ ಇದ್ದರೆ ಜಿ.722 ಹಾಕಿ ನೋಡಿ. ಅಷ್ಟೇ ಡೇಟಾ, ಆದರೆ ‘ಸ’ಕ್ಕೂ ‘ಶ’ಕ್ಕೂ ವ್ಯತ್ಯಾಸ ಕೇಳಿಸುತ್ತದೆ. ಮೊಬೈಲ್ ಡೇಟಾದ ಅಸ್ಥಿರ ಸಂಪರ್ಕಕ್ಕೆ ಓಪಸ್ ಒಳ್ಳೆಯದು. ಒಂದೇ ಕರೆಯ ಎರಡು ತುದಿಗೆ ಬೇರೆ ಬೇರೆ ಕೋಡೆಕ್ ಇದ್ದರೆ ಅನುವಾದದ ಕೆಲಸ ಪೈ ಮೇಲೆ ಬೀಳುತ್ತದೆ.

ಫೋನ್ ಒತ್ತಿ ತೋಟದ ಮೋಟರ್ ಚಾಲೂ ಮಾಡಬಹುದೇ?

ಸಾಧ್ಯ. ಒಂದು ನಂಬರ್ ಒತ್ತಿದಾಗ ಆಸ್ಟರಿಸ್ಕ್ ಸ್ಕ್ರಿಪ್ಟ್ ಓಡಿಸುತ್ತದೆ, ಸ್ಕ್ರಿಪ್ಟ್ ರಿಲೇ ಎಂಬ ವಿದ್ಯುತ್ ಚಾಲಿತ ಸ್ವಿಚ್ ಎಳೆಯುತ್ತದೆ. ಪೈಯ ಪಿನ್ ಕೊಡುವುದು 3.3 ವೋಲ್ಟ್ ಮಾತ್ರ. ರಿಲೇ ಸ್ಟಾರ್ಟರ್‌ನ ಕಾಂಟ್ಯಾಕ್ಟರ್ ಸುರುಳಿಯನ್ನಷ್ಟೇ ನಿಯಂತ್ರಿಸಬೇಕು, ಮೋಟರಿನ ಮೂರು ಫೇಸ್ ಅದರ ಹತ್ತಿರವೂ ಸುಳಿಯಬಾರದು. ಆ ಭಾಗವನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಯಾರಾದರೂ ಮೋಟರ್ ಬಿಚ್ಚಿ ರಿಪೇರಿ ಮಾಡುತ್ತಿರುವಾಗ ಮನೆಯಿಂದ ಚಾಲೂ ಆಗದಂತೆ ಪಂಪ್‌ಹೌಸ್‌ನಲ್ಲೇ ಪ್ರತ್ಯೇಕ ಸ್ವಿಚ್ ಇರಲಿ. ಅದಿಲ್ಲದೆ ಈ ಸೌಲಭ್ಯವೇ ಬೇಡ.

ಎಲ್ಲಿ ಕೆಟ್ಟಿದೆ ಎಂದು ಹುಡುಕುವುದು ಹೇಗೆ?

ಎಸ್‌ಎನ್‌ಗ್ರೆಪ್ ಎಂಬ ಸಾಧನ ಹಾಕಿಕೊಳ್ಳಿ. ಕರೆಯ ಪ್ರತಿ ಸಂದೇಶವನ್ನೂ ಬಾಣದ ಗುರುತಿನಲ್ಲಿ ತೋರಿಸುತ್ತದೆ. 401 ಒಮ್ಮೆ ಬಂದರೆ ಸಹಜ, ಅದು ಪಾಸ್‌ವರ್ಡ್ ಕೇಳುವ ಕ್ರಮ. ಮತ್ತೆ ಮತ್ತೆ ಬಂದರೆ ಪಾಸ್‌ವರ್ಡ್ ತಪ್ಪು. 404 ಬಂದರೆ ಡಯಲ್‌ಪ್ಲಾನ್‌ನಲ್ಲಿ (ಯಾವ ನಂಬರ್ ಎಲ್ಲಿಗೆ ಎಂದು ಬರೆದಿಟ್ಟ ಕಡತ) ಆ ನಂಬರ್ ಇಲ್ಲ. 488 ಬಂದರೆ ಕೋಡೆಕ್ ಹೊಂದಿಲ್ಲ. ಏನೂ ಬರದಿದ್ದರೆ ತಂತಿ ನೋಡಿ.

ನಾನು ಊರಲ್ಲಿ ಇಲ್ಲದಾಗ ಕೆಟ್ಟರೆ ಮನೆಯವರು ಏನು ಮಾಡಬೇಕು?

ಪೈ ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ದೊಡ್ಡ ಅಕ್ಷರದ ಚೀಟಿ ಅಂಟಿಸಿದ್ದೇನೆ: ಕೆಂಪು ದೀಪ ಇದೆಯೇ ನೋಡಿ, ಇಲ್ಲದಿದ್ದರೆ ಸ್ವಿಚ್ ನೋಡಿ. ದೀಪವಿದ್ದೂ ಫೋನ್ ಇಲ್ಲದಿದ್ದರೆ ಸ್ವಿಚ್ ಆರಿಸಿ ಹತ್ತು ಎಣಿಸಿ ಹಾಕಿ. ಆಗಲೂ ಇಲ್ಲದಿದ್ದರೆ ಆರಿಸಿ, ಕಾರ್ಡ್ ತೆಗೆದು ಪಕ್ಕದ ಡಬ್ಬಿಯಲ್ಲಿರುವ ಹಳದಿ ಗುರುತಿನ ಕಾರ್ಡ್ ಹಾಕಿ. ಸಂರಚನಾ ಕಡತಗಳು, ವಾಯ್ಸ್‌ಮೇಲ್ ಪ್ರತಿ ರಾತ್ರಿ ಬೆಂಗಳೂರಿಗೆ ನಕಲಾಗುತ್ತವೆ. ಹಳದಿ ಕಾರ್ಡನ್ನು ಊರಿಗೆ ಹೋದಾಗಲೆಲ್ಲ ಹೊಸದಾಗಿ ಬರೆದಿಡುತ್ತೇನೆ. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಕಾರ್ಡ್ ಸತ್ತಾಗ ಅಪ್ಪಯ್ಯ ಕನ್ನಡಕ ಹಾಕಿಕೊಂಡು, ಚೀಟಿ ಓದಿ, ಅದನ್ನು ತಾವೇ ಬದಲಿಸಿದರು. ಆಮೇಲೆ ಜಗಲಿಯ ಫೋನಿನಿಂದ 5 ಒತ್ತಿ ನನಗೆ ತಿಳಿಸಿದರು.